ನಾಲ್ಕನೆಯವಳ ಮೊದಲ ಹೆಜ್ಜೆ

ಹಗರಿಬೊಮ್ಮನಹಳ್ಳಿಯ ಹಂಪಮ್ಮನಿಗೆ ಐದು ಮಕ್ಕಳು. ಶಾಲೆಯ ದಾಖಲೆ ನಂಬುವುದಾದರೆ ಐದೂ ಹುಟ್ಟಿದ್ದು ಜೂನ್ ಒಂದನೇ ತಾರೀಖಿಗೆ. ಮಗುವನ್ನು ಸೇರಿಸಲು ಹೋದಾಗ ಹೆಡ್‌ಮಾಸ್ತರರು, ‘ಯಾವಾಗ ಹುಟ್ಟೈತಮ್ಮ?’ ಅಂತ ಕೇಳುತ್ತಿದ್ದರು. ‘ಬರೋಬ್ಬರಿ ನೆನಪಿಲ್ರಿ ಸರ, ಮಳಿಗಾಲ ಇತ್ತು’ ಅನ್ನುತ್ತಿದ್ದಳು ಇವಳು. ಅವರೂ ತಲೆ ಕೆಡಿಸಿಕೊಳ್ಳದೆ ಜೂನ್ ಒಂದು ಅಂತ ಗೀಚಿ ಮುಂದಿನವರನ್ನು ಕರೆಯುತ್ತಿದ್ದರು. ಓಣಿಯ ಅರ್ಧ ಮಂದಿ ಅವತ್ತೇ ಹುಟ್ಟಿದ್ದರಿಂದ ಯಾರಿಗೂ ಅದು ಸೋಜಿಗ ಅನ್ನಿಸಿರಲಿಲ್ಲ.

ಗಂಡ ಪಾಲಾಕ್ಷಪ್ಪ ಹಮಾಲಿ ಮಾಡುತ್ತಿದ್ದ. ಹಂಪಮ್ಮ ಸ್ಟೇಷನ್ ಹತ್ತಿರದ ಖಾನಾವಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಇನ್ನೂರು ರೊಟ್ಟಿ ಬಡಿಯುವ ಹೆಂಗಸು ಮಕ್ಕಳನ್ನು ಸಾಕುವುದಿಲ್ಲ, ಮಕ್ಕಳೇ ಅವಳ ಸುತ್ತ ಹೇಗೋ ಬೆಳೆದುಕೊಳ್ಳುತ್ತವೆ. ಒಂದೇ ತಾನಿನ ಬಟ್ಟೆಯಲ್ಲಿ ಐದಕ್ಕೂ ಹೊಲಿಸುತ್ತಿದ್ದಳು. ಒಬ್ಬರನ್ನು ಬೈಯಬೇಕೆಂದರೆ ಉಳಿದ ನಾಲ್ವರ ಹೆಸರು ಮೊದಲು ಬಾಯಿಗೆ ಬರುತ್ತಿತ್ತು, ಅಷ್ಟರೊಳಗೆ ಬೈಸಿಕೊಳ್ಳಬೇಕಾದವರು ಬೀದಿ ದಾಟಿರುತ್ತಿದ್ದರು. ಹಾಗಂತ ಅವಳಿಗೆ ಕೊರಗೇನೂ ಇರಲಿಲ್ಲ. ಐದೂ ಬದುಕಿದವು, ಐದೂ ತಮ್ಮ ತಮ್ಮ ಕಾಲ ಮೇಲೆ ನಿಂತವು, ಇನ್ನೇನು ಬೇಕು ಅಂದುಕೊಂಡಿದ್ದಳು.

ಕೊರಗು ಹತ್ತಿದ್ದು ಎರಡು ಸಾವಿರದ ಮೂರರಲ್ಲಿ, ಹರಪನಹಳ್ಳಿಯ ಮಗಳ ಮನೆಯಲ್ಲಿ. ಮಗಳು ಭಾಗ್ಯ, ಐವರಲ್ಲಿ ನಾಲ್ಕನೆಯವಳು. ಗಂಡ ಮೆಕ್ಕೆಜೋಳದ ಮಂಡಿಯಲ್ಲಿ ಗುಮಾಸ್ತ. ಒಂದೇ ಗಂಡುಮಗು, ಒಂದೇ ಸಾಕು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಆ ಒಂದಕ್ಕೆ ಭಾಗ್ಯ ಒಂದು ನೋಟ್‌ಬುಕ್ ಇಟ್ಟಿದ್ದಳು. ಮೊದಲ ಹಲ್ಲು ಯಾವತ್ತು, ಯಾರನ್ನು ನೋಡಿ ಮೊದಲು ನಕ್ಕ, ಬಾಗಿಲ ಚೌಕಟ್ಟು ಬಿಟ್ಟು ಎಷ್ಟು ಹೆಜ್ಜೆ ಹಾಕಿದ, ಎಲ್ಲ ಅದರಲ್ಲಿತ್ತು. ಓದು ಬಾರದ ಅವ್ವನಿಗೆ ಒಂದೊಂದೇ ಪುಟ ಓದಿ ಹೇಳಿದಳು.

‘ಒಂದ ಕೂಸಿಗೆ ಇಷ್ಟು ಬರದ್ರ, ನನ್ನ ಐದಕ್ಕ ನಿನ್ನ ಗಂಡನ್ನ ಗುಮಾಸ್ತ ಮಾಡಿ ಇಟ್ಕಬೇಕಿತ್ತು ನೋಡು’ ಅಂದಳು ಹಂಪಮ್ಮ.

ನಗೆಯಾಡಿದಳೇ ಹೊರತು, ಅವತ್ತಿನಿಂದ ಅವಳೂ ಮೊಮ್ಮಗನನ್ನು ನೋಡುತ್ತ ಕೂತಳು. ಇರುವೆ ಕಂಡರೆ ಅವನು ಉಸಿರು ಹಿಡಿಯುತ್ತಿದ್ದ. ನಿದ್ದೆ ಬರುವ ಮುಂಚೆ ತನ್ನ ಕಿವಿಯನ್ನೇ ಹಿಡಿದುಕೊಳ್ಳುತ್ತಿದ್ದ. ಒಂದು ಕೂಸಿನಲ್ಲಿ ನೋಡಲಿಕ್ಕೆ ಇಷ್ಟೊಂದು ಇರುತ್ತದೆ ಅಂತ ಐದು ಹೆತ್ತವಳಿಗೆ ಗೊತ್ತೇ ಇರಲಿಲ್ಲ. ತನ್ನವೂ ಹೀಗೇ ಇದ್ದಿರಬೇಕಲ್ಲ ಅನ್ನಿಸಿತು.

ಒಂದು ಮಧ್ಯಾಹ್ನ ಮಗುವನ್ನು ಮಲಗಿಸಿ ಬಂದು ಭಾಗ್ಯ ಕೇಳಿದಳು: ‘ಯವ್ವಾ, ನಾನು ಹೆಂಗಿದ್ದೆ? ಎಷ್ಟನೇ ತಿಂಗಳಿಗೆ ನಡದೆ?’

ಹಂಪಮ್ಮ ತಡವರಿಸಲಿಲ್ಲ. ‘ನೀನಾ? ಹತ್ತನೇ ತಿಂಗಳಿಗೆ ನಡದ್ಯವ್ವಾ. ಹಿಟ್ಟಿನ ಪರಾತ ಹಿಡಕೊಂಡು ಎದ್ದು ನಿಂತಿ. ಪರಾತ ಬೋರಲ ಬಿತ್ತು, ಮೈಯೆಲ್ಲ ಹಿಟ್ಟು. ನಿಮ್ಮಪ್ಪ ನಕ್ಕಿದ್ದ ನಕ್ಕಿದ್ದು.’

ಭಾಗ್ಯಳ ಮುಖ ಅರಳಿತು. ನಕ್ಕನಾ, ಎತ್ತಿಕೊಂಡನಾ, ಯಾವ ಅಂಗಿ ತೊಟ್ಟಿದ್ದೆ ಅಂತ ಮತ್ತೆ ಮತ್ತೆ ಕೇಳಿದಳು. ಮರುದಿನ ಹಿರಿಯ ಮಗ ಕೊಟ್ರಸ್ವಾಮಿ ಅವ್ವನನ್ನು ಕರೆದೊಯ್ಯಲು ಬಂದ. ತಂಗಿ ಅದೇ ಸಂಗತಿಯನ್ನು ಅವನಿಗೂ ಹೇಳಿದಳು. ಅವನು ಮಂಡಕ್ಕಿ ಮುಕ್ಕುತ್ತ, ‘ಏ, ಪರಾತ ಬೀಳಿಸಿದಾಕಿ ವಾಣಿ. ಆ ಹಿಟ್ಟು ಬಳದವ ನಾನ. ನೀನಿನ್ನೂ ಹುಟ್ಟೇ ಇರಲಿಲ್ಲ’ ಅಂದುಬಿಟ್ಟ. ವಾಣಿ ಅಂದರೆ ವಾಣಿಶ್ರೀ, ಐವರಲ್ಲಿ ಮೂರನೆಯವಳು.

‘ಇರಲಿ ಬಿಡು’ ಅಂದಳು ಭಾಗ್ಯ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವಳು ಎದ್ದು ಹೋಗಿ ಅಣ್ಣನಿಗೆ ಚಹಾಕ್ಕಿಟ್ಟಳು.

ಬಸ್ಸಿನಲ್ಲಿ ಹಂಪಮ್ಮ ದಾರಿಯುದ್ದಕ್ಕೂ ನೆನಪಿನಲ್ಲಿ ಭಾಗ್ಯಳನ್ನು ಹುಡುಕಿದಳು. ಹಿರಿಯವನು ಬಾವಿಕಟ್ಟೆಯಿಂದ ಬಿದ್ದದ್ದು ನೆನಪಿತ್ತು. ಎರಡನೆಯವನ ವಾಂತಿಭೇದಿ, ವಾಣಿಯ ಹಟ, ಕಿರಿಯ ಪ್ರವೀಣನ ದಮ್ಮು, ಎಲ್ಲ ನೆನಪಿತ್ತು. ಭಾಗ್ಯ ಬೀಳಲಿಲ್ಲ, ಅಳಲಿಲ್ಲ, ಜ್ವರ ಬಂದರೂ ಗೋಡೆಗೆ ಮುಖ ಮಾಡಿ ಮಲಗಿ ಎದ್ದುಬಿಡುತ್ತಿದ್ದಳು. ಕಾಡಿದವರೆಲ್ಲ ನೆನಪಿನಲ್ಲಿ ಜಾಗ ಹಿಡಿದಿದ್ದರು. ಕಾಡದ ಒಂದೇ ತಪ್ಪಿಗೆ ಭಾಗ್ಯಳಿಗೆ ಅಲ್ಲಿ ಜಾಗವಿರಲಿಲ್ಲ. ಮಗಳಿಗೆ ಕೊಡಲು ಅವಳದೇ ಆದ ಒಂದು ಮಾತು, ಬರೀ ಒಂದು ಮಾತು ಸಿಕ್ಕರೆ ಸಾಕಿತ್ತು.

ಊರಿಗೆ ಬಂದವಳೇ ಪಕ್ಕದ ಮನೆಯ ಜಂಬಕ್ಕನ ಕಟ್ಟೆಗೆ ಹೋದಳು. ಜಂಬಕ್ಕ ಇವಳಿಗಿಂತ ಹತ್ತು ವರ್ಷ ದೊಡ್ಡವಳು, ಮಕ್ಕಳಿಲ್ಲ. ಪ್ರವೀಣ ತೊಟ್ಟಿಲಲ್ಲಿದ್ದಾಗ ಆಗಷ್ಟೇ ಒಂದು ವರ್ಷ ತುಂಬಿದ್ದ ಭಾಗ್ಯಳನ್ನು ಹಂಪಮ್ಮ ಅವಳ ಹತ್ತಿರ ಬಿಟ್ಟು ರೊಟ್ಟಿಗೆ ಕೂರುತ್ತಿದ್ದಳು.

‘ಒಂದೀಟು ಹೊತ್ತು ಬಿಡ್ತಿದ್ದೆನಲ್ಲಕ್ಕ, ಆವಾಗ ಆಕಿ ಹೆಂಗಿದ್ಲು, ಏನರ ನೆನಪೈತೇನು?’

‘ಒಂದೀಟು ಹೊತ್ತಾ?’ ಜಂಬಕ್ಕ ನಕ್ಕಳು. ‘ಬೆಳಕು ಹರಿದ ಕೂಡ್ಲೆ ತಂದು ಬಿಟ್ರ ದೀಪ ಹಚ್ಚೋ ಹೊತ್ತಿಗೆ ಒಯ್ತಿದ್ದಿ.’ ಆಮೇಲೆ ಹೇಳತೊಡಗಿದಳು, ನಿಲ್ಲಿಸಲೇ ಇಲ್ಲ. ಮಗುವಿಗೆ ಬೆಲ್ಲ ಸೇರುತ್ತಿರಲಿಲ್ಲ, ಉಪ್ಪು ನೆಕ್ಕುತ್ತಿತ್ತು. ಗುಬ್ಬಿಗೆ ‘ಬುಬ್ಬಿ’ ಅನ್ನುತ್ತಿತ್ತು. ಮಲಗಿಸುವಾಗ ಬೆನ್ನು ತಟ್ಟಬಾರದು, ಅಂಗಾಲು ಸವರಬೇಕು. ಇಪ್ಪತ್ತು ವರ್ಷ ದಾಟಿದ್ದರೂ ಜಂಬಕ್ಕನ ಬಾಯಲ್ಲಿ ಒಂದೂ ತಪ್ಪಿರಲಿಲ್ಲ. ಅವಳಿಗೆ ಬೆರೆಸಿಕೊಳ್ಳಲು ಇನ್ನೊಂದು ಮಗುವೇ ಇರಲಿಲ್ಲ.

ಹಂಪಮ್ಮ ಅಷ್ಟನ್ನೂ ಬಾಯಿಪಾಠ ಮಾಡಿದಳು. ಈ ಸಲ ತಿದ್ದಲು ಯಾರೂ ಇಲ್ಲ, ಎಲ್ಲ ನಾನೇ ಕಂಡಂತೆ ಹೇಳಿಬಿಡಬಹುದು ಅಂತ ಮಾರನೆಯ ದಿನವೇ ಬಸ್ ಸ್ಟ್ಯಾಂಡಿಗೆ ಹೋದಳು. ಹರಪನಹಳ್ಳಿ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟವಳಿಗೆ ಆಗಲಿಲ್ಲ. ಒಮ್ಮೆ ಮಗಳಿಗೆ ವಾಣಿಯದನ್ನು ಕೊಟ್ಟಾಗಿದೆ, ಈಗ ಜಂಬಕ್ಕನದನ್ನು ಕದ್ದು ಕೊಡುವುದೇ ಅನ್ನಿಸಿತು. ವಾಪಸು ಹೋಗಿ, ‘ನಡಿಯಕ್ಕ, ನೀನ ಬಂದು ಹೇಳು’ ಅಂತ ಜಂಬಕ್ಕನನ್ನು ಎಬ್ಬಿಸಿಕೊಂಡು ಬಂದಳು.

ಭಾಗ್ಯಳ ಪಡಸಾಲೆಯಲ್ಲಿ ಜಂಬಕ್ಕ ಮೊದಲಿಂದ ಹೇಳಿದಳು. ಹಂಪಮ್ಮ ಬಾಗಿಲ ಹತ್ತಿರ ಕೂತು ಬೇರೆ ಯಾರದೋ ಕೂಸಿನ ಸುದ್ದಿ ಕೇಳುವವಳಂತೆ ಕೇಳಿದಳು. ಉಪ್ಪು ಬಂತು, ಗುಬ್ಬಿ ಬಂತು.

‘ಮತ್ತ ನಡದಿದ್ದು ಯಾವಾಗ ದೊಡ್ಡವ್ವ?’ ಭಾಗ್ಯ ಕೇಳಿದಳು.

ಜಂಬಕ್ಕ ಹಂಪಮ್ಮನ ಕಡೆ ಒಮ್ಮೆ ನೋಡಿದಳು. ‘ಒಂದಿನ ಮುಂಜಾನಿ ನಮ್ಮನಿ ಒಳಗ ನಡದಿ. ನಾನು ಯಾರ ಮುಂದೂ ಹೇಳಲಿಲ್ಲ. ಹೆತ್ತಾಕಿ ತಾನ ಕಣ್ಣಾರೆ ನೋಡ್ಲಿ ಅಂದ್ಕೊಂಡೆ. ಸಂಜಿಗೆ ನಿಮ್ಮವ್ವ ಬರೋ ಹೊತ್ತಿಗೆ ನಿನ್ನ ಬಾಗಲಾಗ ನಿಂದ್ರಿಸಿದೆ. ಅವ್ವನ್ನ ನೋಡಿದ ಕೂಡ್ಲೆ ಕೈ ಚಾಚಿ ಹೊಂಟಿ.’

‘ನಾನು ಏನು ಮಾಡಿದೆ?’ ಅಂದಳು ಹಂಪಮ್ಮ.

‘ನಿನಗ ಅವಸರ ಇತ್ತವ್ವ. ತೊಟ್ಟಿಲ ಕೂಸು ಅಳತಿತ್ತು. ನಡಕೋತ ಬಂದ ಈಕಿನ್ನ ಎತ್ತಿ ಬಗಲಾಗ ಇಟ್ಕೊಂಡು ಹೋದಿ.’

‘ಎಷ್ಟು ಹೆಜ್ಜಿ ಹಾಕಿದ್ಲು?’

‘ಆರು. ಏಳನೇದು ಇಡೋದ್ರಾಗ ನೀನು ಎತ್ಕೊಂಡಿ.’

ಹಂಪಮ್ಮ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಭಾಗ್ಯ ಎದ್ದು ಬಂದು ಅವ್ವನ ಪಕ್ಕದಲ್ಲಿ ಕೂತಳು.