ಡ್ರೈವರ್ ಮಾವನ ಗವಸುಗಳು

ನಮ್ಮ ಮನೆಯಲ್ಲಿ ಬಟ್ಟೆಯಿಲ್ಲದೆ ನಿಂತಿರುವುದು ಗೋಡೆಗಳು ಮಾತ್ರ. ಮಿಕ್ಸಿಗೆ ಗವಸು, ಇಸ್ತ್ರಿಪೆಟ್ಟಿಗೆಗೆ ಗವಸು, ಟೀವಿಯ ರಿಮೋಟಿಗೆ ಗುಂಡಿ ಹಾಕುವ ಗವಸು, ಕೊಡೆಗೆ ಅದರದೇ ಗವಸಿದ್ದರೂ ಅದರ ಮೇಲೊಂದು ಗವಸು. ಮದುವೆಯಾಗಿ ಬಂದ ಮೊದಲ ವಾರ, ಅಡುಗೆಮನೆಯ ಮೂಲೆಯಲ್ಲಿ ಯಾರೋ ಹುಡುಗಿ ಹೂವಿನ ಲಂಗ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಾಳೆಂದು ಬೆಚ್ಚಿಬಿದ್ದಿದ್ದೆ. ನೋಡಿದರೆ ಗ್ಯಾಸ್ ಸಿಲಿಂಡರು!

"ಇದಕ್ಕೂ ಯಾಕೆ ಮಾವ?" ಎಂದು ಕೇಳಿದ್ದಕ್ಕೆ, "ಅದಕ್ಕೆ ಮಾನ ಮರ್ಯಾದೆ ಇರಲ್ವೇನಮ್ಮ?" ಎಂದಿದ್ದರು.

ನನ್ನ ಮಾವ ಹೊಟ್ಟೆಪಾಡಿಗೆ ಮೂವತ್ತೆರಡು ವರ್ಷ ಬಸ್ಸು ಓಡಿಸಿದರು, ಮನಸ್ಸಿನ ಖುಷಿಗೆ ಹೊಲಿದರು. ಕಿಟಕಿಯ ಪಕ್ಕದಲ್ಲಿ ಅವರ ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ, ಅದರ ಎಡಕ್ಕೆ ಚಿಂದಿಬಟ್ಟೆಯ ಮೂಟೆ. ಬೀದಿಯವರು ಹಳೆಯ ಪರದೆ, ಹರಿದ ಹೊದಿಕೆಗಳನ್ನು ತಂದು ಅವರಿಗೆ ಕೊಡುತ್ತಿದ್ದರು. ವಾರ ಕಳೆಯುವುದರೊಳಗೆ ಅದೇ ಬಟ್ಟೆ ಅವರವರ ಸೈಕಲ್ ಸೀಟಿನ ಮೇಲೆ ಕೂತಿರುತ್ತಿತ್ತು. ಬೇಡವೆಂದರೂ ಬಿಡುವ ಪೈಕಿಯವರಲ್ಲ.

ಆರು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆಯಿತು. ಕೈ, ಬಾಯಿ ಉಳಿದವು, ಎಡಗಾಲು ಸೋತಿತು. ನಾಲ್ಕು ಕಾಲಿನ ಊರುಗೋಲು ಹಿಡಿದು ಮಂಚದಿಂದ ಕಿಟಕಿಯವರೆಗೆ ಬರುವುದಕ್ಕೆ ಎರಡು ತಿಂಗಳು ಬೇಕಾಯಿತು. ಬಂದವರೇ ಕುರ್ಚಿ ಕೇಳಿದರು. ಕೈಯಿರುವ ಕುರ್ಚಿಯಲ್ಲಿ ಕೂತರೆ ಬೀಳುವ ಭಯವಿಲ್ಲ, ಆದರೆ ಅದರ ಕೈಗಳು ಯಂತ್ರದ ಹಲಗೆಗೆ ತಗಲಿ ಕಾಲು ಪೆಡಲಿಗೆ ಎಟುಕುವುದಿಲ್ಲ.

ನನ್ನ ಗಂಡ ಓಡಿಹೋಗಿ ಒಂದು ಮೋಟಾರು ತಂದು ಯಂತ್ರಕ್ಕೆ ಕಟ್ಟಿದರು. ಅಂಗೈಯಗಲದ ಪೆಡಲು, ಬಲಗಾಲೊಂದೇ ಸಾಕು. "ಮೆಲ್ಲಗೆ ಒತ್ತಬೇಕು ಅಪ್ಪ" ಎಂದು ಎರಡು ಸಾರಿ ಹೇಳಿದರು. ಆದರೆ ಅದು ಅರವತ್ತು ಜನ ತುಂಬಿದ ಬಸ್ಸನ್ನು ಗುಡ್ಡ ಹತ್ತಿಸಿದ ಕಾಲು. ಅದಕ್ಕೆ ಮೆಲ್ಲಗೆ ಎಂಬುದು ಯಾವ ಕಾಲಕ್ಕೂ ಗೊತ್ತಿಲ್ಲ. ಯಂತ್ರ ಒಮ್ಮೆ ಗುಡುಗಿತು. ಕಣ್ಣು ಮಿಟುಕಿಸುವಷ್ಟರಲ್ಲಿ ದಿಂಬಿನ ಚೀಲಕ್ಕೂ ಮಾವನ ಅಂಗಿಯ ತೋಳಿಗೂ ಸಂಬಂಧ ಕೂಡಿಬಿಟ್ಟಿತ್ತು. ಕತ್ತರಿಯಲ್ಲಿ ಅವರನ್ನು ಬಿಡಿಸಿಕೊಂಡೆವು. ಮೋಟಾರು ಅಟ್ಟ ಸೇರಿತು.

ಅಲ್ಲಿಗಾದರೂ ಸುಮ್ಮನಿದ್ದರೆ? ನಾನು ಮಹಡಿಯ ಮೇಲೆ ಬಟ್ಟೆ ಹರವಲು ಹೋದ ಹೊತ್ತು ನೋಡಿ, ಕುರ್ಚಿ ಬಿಟ್ಟು ಹಳೆಯ ಸ್ಟೂಲಿನ ಮೇಲೆ ಕೂತು ಒಂಟಿಗಾಲಿನಲ್ಲಿ ತುಳಿಯಲು ಹೋಗಿದ್ದಾರೆ. ಎಡಗಾಲಿನ ಆಸರೆ ಇಲ್ಲ, ವಾಲಿ ಬಿದ್ದರು. ಹಣೆಗೆ ಮೂರು ಹೊಲಿಗೆ. ಹೊಲಿಯುತ್ತಿದ್ದ ಡಾಕ್ಟರಿಗೆ, "ಎರಡನೇದು ಸ್ವಲ್ಪ ಸೊಟ್ಟ ಬಿತ್ತು ನೋಡಿ" ಎಂದು ಬೇರೆ ಹೇಳಿದರು.

ಡಾಕ್ಟರು ನಕ್ಕರು, ನಾನು ನಗಲಿಲ್ಲ. ಅವರು ನೆಲದ ಮೇಲೆ ಬಿದ್ದಿದ್ದ ರೀತಿ ಕಂಡು ನನ್ನ ಜೀವವೇ ಹೋದಂತಾಗಿತ್ತು. ಭಯವಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅದೇ ಸಿಟ್ಟಿನಲ್ಲಿ ಹಿಂದಿನ ಬೀದಿಯ ಟೈಲರಮ್ಮನಿಗೆ ಹೇಳಿ ಕಳಿಸಿದೆ: "ಬರೋ ಭಾನುವಾರ ಬಂದು ಈ ಮಿಷನ್ ತಗೊಂಡು ಹೋಗಿ. ಹೊಲಿಗೆ ಕಲಿಯೋ ಹುಡುಗಿಯರಿಗೆ ಆಗುತ್ತೆ."

ಸುದ್ದಿ ತಿಳಿದು ಮಾರನೆಯ ದಿನ ಬೆಳಿಗ್ಗೆಯೇ ಕಂಡಕ್ಟರ್ ಮಾಮ ಹಾಜರಾದರು. ಮಾವನ ಬಸ್ಸಿನಲ್ಲಿ ಇಪ್ಪತ್ತು ವರ್ಷ ಟಿಕೆಟ್ ಹರಿದವರು. ಮಾವನ ಪರವಾಗಿ ವಕಾಲತ್ತು ಮಾಡುವುದು ಅವರಿಗೆ ಆಗಿನಿಂದಲೂ ಅಭ್ಯಾಸ.

"ನೋಡಮ್ಮ, ಬೇಕಾಗಿರೋದು ಒಂದು ಕಾಲು ತಾನೇ? ನನ್ನ ಹತ್ತಿರ ಎರಡಿವೆ. ಎದುರಿಗೆ ಕೂತು ನಾನು ತುಳೀತೀನಿ, ಗುರುಗಳು ಕುರ್ಚಿಯಲ್ಲಿ ಕೂತು ಹೊಲೀಲಿ. ಭಾನುವಾರದೊಳಗೆ ಒಂದು ಗವಸನ್ನ ಏನೂ ಅನಾಹುತ ಇಲ್ಲದೆ ಮುಗಿಸಿದರೆ ಮಿಷನ್ ಇಲ್ಲೇ ಇರಬೇಕು. ಏನಂತೀಯ?"

"ಏನಾದರೂ ಎಡವಟ್ಟಾದರೆ?"

"ಆದರೆ ಕಳಿಸಿಬಿಡು, ನಾವು ತುಟಿ ಎರಡು ಮಾಡಲ್ಲ."

ನಾನು ಒಪ್ಪಿದೆ. ಹೊಲಿಯಬೇಕಾದದ್ದು ಬಟ್ಟೆ ಒಗೆಯುವ ಯಂತ್ರದ ಗವಸು. ನಾಲ್ಕು ಮೂಲೆ, ದಪ್ಪ ಬಟ್ಟೆ. ಆಗುವ ಹೋಗುವ ಮಾತಲ್ಲ ಎಂದುಕೊಂಡೆ.

ಮೊದಲ ದಿನ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಎದುರಿನಿಂದ ತುಳಿದರೆ ಹಿಮ್ಮಡಿ ಮುಂಗಾಲು ಅದಲುಬದಲಾಗಿ ಚಕ್ರ ಹಿಂದಕ್ಕೆ ತಿರುಗುತ್ತದೆ. ಚಕ್ರ ಹಿಂದಕ್ಕೆ ಹೋದರೆ ದಾರ ತುಂಡಾಗುತ್ತದೆ. ಒಂಬತ್ತು ಸಾರಿ ದಾರ ಪೋಣಿಸಿದ ಮಾವ ಕೇಳಿದರು: "ಇಪ್ಪತ್ತು ವರ್ಷ ಹಿಂದಿನ ಬಾಗಿಲಲ್ಲಿ ನಿಂತು ನನಗೆ ರಿವರ್ಸ್ ಹೇಳಿಕೊಟ್ಟೋನು ನೀನೇನಾ?"

"ಪೆಡಲ್ಲೇ ಸರಿ ಇಲ್ಲ ಗುರುಗಳೇ."

"ಹೂಂ. ಕುಣಿಯಲಾರದವನಿಗೆ ನೆಲ ಡೊಂಕು."

ಎರಡನೆಯ ದಿನ ಮಾವ ಹಳೆಯ ಸೈಕಲ್ ಗಂಟೆಯೊಂದನ್ನು ಯಂತ್ರದ ಹಲಗೆಗೆ ಬಿಗಿಸಿದರು. ಬಸ್ಸಿನ ಕಾಯಿದೆಯೇ ಇಲ್ಲೂ: ಒಂದು ಸಾರಿ ಬಾರಿಸಿದರೆ ನಿಲ್ಲಿಸು, ಎರಡು ಸಾರಿ ಬಾರಿಸಿದರೆ ಹೊರಡು. ವ್ಯತ್ಯಾಸ ಇಷ್ಟೇ, ಇಷ್ಟು ವರ್ಷ ಗಂಟೆ ಬಾರಿಸಿದವರು ಈಗ ಗಂಟೆಗೆ ಕಿವಿಗೊಡಬೇಕಾಯಿತು. ಆಮೇಲೆ ಹೊಲಿಗೆ ಓಡಿತು ನೋಡಿ! ಟಿಣ್ ಟಿಣ್, ಗಡಗಡಗಡ, ಟಿಣ್. ನಡುನಡುವೆ ಕಂಡಕ್ಟರ್ ಮಾಮ ಚಟ ಬಿಡದೆ "ಮುಂದೆ ಹೋಗಿ, ಒಳಗೆ ಜಾಗ ಇದೆ" ಎಂದು ಬಟ್ಟೆಗೆ ಹೇಳುತ್ತಿದ್ದರು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದೆ. ಶನಿವಾರ ಸಂಜೆಯವರೆಗೂ ಒಂದೂ ಸಿಗಲಿಲ್ಲ.

ಭಾನುವಾರ ಬೆಳಿಗ್ಗೆ ಮೂರು ಮೂಲೆ ಮುಗಿದು ಕೊನೆಯದು ಉಳಿದಿತ್ತು. ಮೂಲೆಯಲ್ಲಿ ಸೂಜಿಯನ್ನು ಬಟ್ಟೆಯಲ್ಲೇ ನಾಟಿ ನಿಲ್ಲಿಸಿ, ಬಟ್ಟೆಯನ್ನು ಅದರ ಸುತ್ತ ತಿರುಗಿಸಬೇಕು. ಮಾವ ಟಿಣ್ ಎಂದು ಒಂದು ಸಾರಿ ಬಾರಿಸಿ ನಿಲ್ಲಿಸಿದರು. ಎರಡೂ ಕೈಯಲ್ಲಿ ದಪ್ಪ ಬಟ್ಟೆ ಹಿಡಿದು ತಿರುಗಿಸತೊಡಗಿದರು.

ನಮ್ಮ ಮನೆಗೆ ಬರುವವರೆಲ್ಲ ಬೀದಿಯಿಂದಲೇ ಕೂಗುತ್ತಾ ಬರುತ್ತಾರೆ. ಕರೆಗಂಟೆ ಒತ್ತುವ ಸಭ್ಯಸ್ಥರು ಕಡಿಮೆ. ಟೈಲರಮ್ಮ ಸಭ್ಯಸ್ಥೆ. ಬಾಗಿಲಲ್ಲಿ ನಿಂತು ಒತ್ತಿದರು.

ಟಿಂಗ್ ಟಾಂಗ್.

ಎರಡು ಸಾರಿ! ಕಂಡಕ್ಟರ್ ಮಾಮನ ಕಾಲು ಹೊರಟೇಬಿಟ್ಟಿತು. ಸೂಜಿ ಪಟ್ಟೆಂದು ಮುರಿದು ಅರ್ಧ ತುಂಡು ನನ್ನ ಪಾದದ ಬಳಿ ಬಂದು ಬಿತ್ತು. ಮಾವನ ಬೆರಳು ಕೂದಲೆಳೆಯಲ್ಲಿ ಉಳಿಯಿತು.

"ನಂದೇ ತಪ್ಪು, ನಂದೇ ತಪ್ಪು" ಎನ್ನುತ್ತಾ ಕಂಡಕ್ಟರ್ ಮಾಮ ಎದ್ದು ಗೋಡೆಗೆ ಒರಗಿ ನಿಂತರು. ಅಷ್ಟರಲ್ಲಿ ಟೈಲರಮ್ಮ ಒಳಗೆ ಬಂದಿದ್ದರು. ಹೊರಗೆ ಸಾಮಾನು ಗಾಡಿ ಕಾಯುತ್ತಿತ್ತು. ಎಲ್ಲರೂ ನನ್ನ ಮುಖ ನೋಡಿದರು, ಮಾವನೊಬ್ಬರನ್ನು ಬಿಟ್ಟು. ಅವರು ಮುರಿದ ಸೂಜಿಯ ಬುಡವನ್ನು ಬಿಚ್ಚಿ ಡಬ್ಬಿಗೆ ಹಾಕಿದರು.

"ಆಯ್ತಮ್ಮ. ತಗೊಂಡು ಹೋಗ್ಲಿ. ದಾರಿಯಲ್ಲಿ ಧೂಳು ಬೀಳುತ್ತೆ, ಮಿಷನ್ನಿಗೆ ಅದರ ಗವಸು ತೊಡಿಸಿ ಕಳಿಸು."

ಆಯ್ತಮ್ಮ. ಕಾಲು ಸೋತ ದಿನದಿಂದ ನನಗೆ ಅವರು ಹೇಳುತ್ತಿದ್ದದ್ದು ಈ ಒಂದೇ ಮಾತು. ಮಾತ್ರೆ ಕೊಟ್ಟರೆ ಆಯ್ತಮ್ಮ, ಉಪ್ಪಿಲ್ಲದ ಸಾರಿಗೆ ಆಯ್ತಮ್ಮ, ಮಲಗಿ ಎಂದರೂ ಆಯ್ತಮ್ಮ. ಹದಿನಾಲ್ಕು ವರ್ಷ ನನ್ನ ಜೊತೆ ದಿನಕ್ಕೊಂದು ಜಗಳವಾಡದೆ ಊಟ ಮಾಡಿದವರಲ್ಲ ಅವರು. ಈಗ ನನ್ನೆದುರಿಗೆ, ತಮ್ಮ ಮನೆಯಲ್ಲಿ ತಾವೇ ನೆಂಟರ ಹಾಗೆ ಇದ್ದರು.

"ಮಿಷನ್ ಕೊಡೋಕಾಗಲ್ಲ, ತಪ್ಪು ತಿಳೀಬೇಡಿ" ಎಂದೆ ಟೈಲರಮ್ಮನಿಗೆ.

"ಗಾಡಿ ಮಾಡ್ಕೊಂಡು ಬಂದಿದ್ದೀನಲ್ರೀ!"

"ಅಟ್ಟದ ಮೇಲೆ ಹೊಸ ಮೋಟಾರಿದೆ, ಅದನ್ನ ತಗೊಳ್ಳಿ. ಸ್ವಲ್ಪ ಜೋರು."

ಮೋಟಾರು ಹೊತ್ತುಕೊಂಡು ಅವರು ಹೋದರು. ಇನ್ನು ತುಳಿಯಿರಿ ಎಂದರೆ ಕಂಡಕ್ಟರ್ ಮಾಮ ಕೈಮುಗಿದುಬಿಟ್ಟರು. ನಾನು ಹೋಗಿ ಕರೆಗಂಟೆಯ ಸ್ವಿಚ್ಚು ಆರಿಸಿದೆ. ಹೊಸ ಸೂಜಿ ತಂದು ಮಾವನ ಮುಂದಿಟ್ಟು, ಸೆರಗು ಸಿಕ್ಕಿಸಿಕೊಂಡು ಅವರೆದುರು ಕೂತು ಪೆಡಲಿನ ಮೇಲೆ ಕಾಲಿಟ್ಟೆ. ಅವರು ನನ್ನನ್ನೇ ನೋಡಿದರು. ಸೂಜಿ ಹಾಕಿದರು. ಎರಡು ಸಾರಿ ಗಂಟೆ ಬಾರಿಸಿದರು.

ತುಳಿದೆ. ಚಕ್ರ ಹಿಂದಕ್ಕೆ ಹೋಯಿತು, ದಾರ ತುಂಡಾಯಿತು. ಮತ್ತೆ ತುಳಿದೆ, ಮತ್ತೆ ತುಂಡಾಯಿತು. ಮೂರನೆಯ ಸಲಕ್ಕೆ ಮಾವನ ಮೂಗು ಕೆಂಪಾಯಿತು.

"ಏನಮ್ಮ ಅದು ತುಳಿಯೋ ಚೆಂದ! ಕಾಲಿಗೇನು ಕಲ್ಲು ಕಟ್ಕೊಂಡಿದ್ದೀಯಾ? ಹದಿನಾಲ್ಕು ವರ್ಷದಿಂದ ನೋಡ್ತಿದ್ದೀನಿ, ಒಂದು ಕೆಲಸ ನೆಟ್ಟಗೆ ಮಾಡಿದೋಳಲ್ಲ. ನನ್ನ ಬಸ್ಸಲ್ಲಿ ಕೂತಿದ್ದರೆ ಅರ್ಧ ದಾರೀಲೇ ಇಳಿಸಿಬಿಡ್ತಿದ್ದೆ ನಿನ್ನ!"

ಆರು ತಿಂಗಳಲ್ಲಿ ಅವರು ನನ್ನನ್ನು ಬೈದದ್ದು ಅದೇ ಮೊದಲು. ನಾನು ತಲೆ ತಗ್ಗಿಸಿದೆ. ಅಷ್ಟು ಹೊತ್ತಿಗೆ ತುಳಿಯುವ ಹದ ನನ್ನ ಕಾಲಿಗೆ ಸಿಕ್ಕಿತ್ತು. ಆದರೂ ಮತ್ತೆರಡು ಸಾರಿ ಬೇಕೆಂದೇ ತಪ್ಪಾಗಿ ತುಳಿದೆ.