ಬೋರಲು ಹಾಕಿದ ಕುರ್ಚಿ

ಒಳಗಿನ ಗುಂಡು ಬಿದ್ದುಹೋದ ಸೀಟಿಯನ್ನು ಊದಿದರೆ ಏನು ಕೇಳಿಸುತ್ತದೆ, ಹೇಳಿ ನೋಡೋಣ? ಏನೂ ಕೇಳಿಸುವುದಿಲ್ಲ ಎಂದವರೆಲ್ಲ ಔಟ್. ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ ಸುಯ್ ಅನ್ನುತ್ತದೆ. ನಮ್ಮ ಡ್ರಿಲ್ ಮೇಷ್ಟ್ರ ಕುತ್ತಿಗೆಯಲ್ಲಿ ಕಪ್ಪು ಶೂ ಲೇಸಿಗೆ ಕಟ್ಟಿಕೊಂಡು ತೂಗುತ್ತಿದ್ದದ್ದು ಅಂಥ ಹಿತ್ತಾಳೆ ಸೀಟಿ. ಅದರ ತುದಿಯಲ್ಲಿ ಅವರ ಎರಡು ಹಲ್ಲುಗಳ ಗುರುತು ಗುಳಿ ಬಿದ್ದಿತ್ತು. ಆ ಹಲ್ಲುಗಳು ಉದುರಿ ಎಷ್ಟೋ ವರ್ಷವಾಗಿತ್ತು. ಗುರುತು ಮಾತ್ರ ಹಾಗೇ ಇತ್ತು.

ನಮ್ಮ ವೃದ್ಧಾಶ್ರಮ ಇರುವುದು ಕೆಂಚಾರ್ಲಹಳ್ಳಿ ಕಡೆ. ಮೂರು ಕಡೆ ಹಿಪ್ಪುನೇರಳೆ ತೋಟ, ಒಂದು ಕಡೆ ರಸ್ತೆ. ಮೇಷ್ಟ್ರು ತೊಂಡೇಬಾವಿಯ ಹತ್ತಿರದ ಹೈಸ್ಕೂಲಿನಲ್ಲಿ ಮಕ್ಕಳನ್ನು ಓಡಿಸಿ ಓಡಿಸಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಒಂದು ಟ್ರಂಕು, ಒಂದು ಡಬ್ಬ ಸುಣ್ಣದ ಪುಡಿ ಹಿಡಿದುಕೊಂಡು ಇಲ್ಲಿಗೆ ಬಂದರು. ಮಾರನೆಯ ದಿನ ಬೆಳಕು ಹರಿಯುವ ಮುಂಚೆಯೇ ಅಂಗಳದಲ್ಲಿ ಬಿಳಿ ಗೆರೆ ಎಳೆದಿದ್ದರು.

"ಇದ್ಯಾಕ್ ಮೇಷ್ಟ್ರೇ? ನಾವು ಬಾತ್‌ರೂಮಿಗೆ ಹೋಗ್ಬರೋದೇ ಒಂದು ಪಂದ್ಯ," ಎಂದೆ ನಾನು.

ಅವರು ನಗಲಿಲ್ಲ. "ಹಂಗಾದ್ರೆ ಅಲ್ಲಿಗೂ ಒಂದು ಗೆರೆ ಎಳೀತೀನಿ ಕಣಮ್ಮ," ಎಂದರು. ಎಳೆದೇ ಬಿಟ್ಟರು. ಆ ಗೆರೆ ಹಿಡಿದು ನಡೆಯತೊಡಗಿದ ಮೇಲೆ ಹಜಾರದಲ್ಲಿ ಮುಗ್ಗರಿಸುವವರು ಕಡಿಮೆಯಾದರು.

ಶಾಲೆಯ ಆಟಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನಮ್ಮ ಅಳತೆಗೆ ಹೊಲಿದರು. ನೂರು ಮೀಟರ್ ಓಟ ಹನ್ನೆರಡು ಹೆಜ್ಜೆಯಾಯಿತು, ಕೊನೆಗೆ ಬಂದವರಿಗೆ ಬಹುಮಾನ. ಪಕ್ಕದಲ್ಲೇ ನಡೆಯುತ್ತಾ "ಮೆಲ್ಲಗಾ, ಮೆಲ್ಲಗಾ" ಎಂದು ತೆಲುಗಿನಲ್ಲಿ ಗದರುತ್ತಿದ್ದರು. ನಿಂಬೆಹಣ್ಣಿನ ಓಟಕ್ಕೆ ಚಮಚದ ಬದಲು ಅಡುಗೆಮನೆಯ ಸೌಟು, ಅದೂ ಕೈಯಲ್ಲಿ, ಬಾಯಲ್ಲಿ ಕಚ್ಚಿದರೆ ಕಟ್ಟಿಸಿದ ಹಲ್ಲು ಕಿತ್ತು ಬರುತ್ತಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಹಳೇ ಬಿದಿರಿನ ತಟ್ಟಿ, ಚಂದ್ರಿಕೆಯನ್ನು ಗೋಡೆಗೆ ಒರಗಿಸಿ, ಕೂತಲ್ಲಿಂದಲೇ ಬಟ್ಟೆ ಚೆಂಡು ಎಸೆಯಿಸುತ್ತಿದ್ದರು. ಎಡ ಮೈ ಬಿದ್ದುಹೋಗಿದ್ದ ಒಬ್ಬರು ಬಲಗೈಯಲ್ಲಿ ಎಸೆದು ಗೆದ್ದ ದಿನ ಮೇಷ್ಟ್ರು ತಮ್ಮ ಪಾಲಿನ ಕಾಫಿಯನ್ನು ಅವರಿಗೇ ಕೊಟ್ಟುಬಿಟ್ಟರು.

ಇಷ್ಟೆಲ್ಲ ಬದಲಿಸಿದ ಮನುಷ್ಯ ಕುರ್ಚಿ ಆಟವೊಂದನ್ನು ಮಾತ್ರ ಶಾಲೆಯಲ್ಲಿ ಆಡಿಸಿದಂತೆಯೇ ಆಡಿಸಿದರು.

ಅದಕ್ಕೆ ಮುಂಚೆ ನಮ್ಮಲ್ಲಿನ ಒಂದು ರೂಢಿ ಹೇಳಬೇಕು. ಇಲ್ಲಿ ಪ್ರತಿಯೊಬ್ಬರಿಗೂ ಒಂದು ಪ್ಲಾಸ್ಟಿಕ್ ಕುರ್ಚಿ, ಬೆನ್ನಿನ ಮೇಲೆ ಬಣ್ಣದಲ್ಲಿ ಬರೆದ ಹೆಸರು. ಯಾರಾದರೂ ತೀರಿಹೋದರೆ, ಕೆಲಸದ ಆಯಾ ಬಂದು ಅವರ ಕುರ್ಚಿಯನ್ನು ತೊಳೆದು ನೀರಿನ ಟ್ಯಾಂಕಿನ ಕೆಳಗೆ ಬೋರಲು ಹಾಕುತ್ತಾಳೆ. ಹನ್ನೊಂದು ದಿನ ಅದನ್ನು ಯಾರೂ ಮುಟ್ಟುವುದಿಲ್ಲ. ಆಮೇಲೆ ಹೆಸರು ಕೆರೆದು ಹೊಸಬರಿಗೆ ಕೊಡುತ್ತಾರೆ. ಯಾರು ಶುರು ಮಾಡಿದರೋ ಗೊತ್ತಿಲ್ಲ. ಮೇಷ್ಟ್ರು ಬಂದ ಮೇಲೆ ಇಲ್ಲಿ ಯಾರೂ ಸತ್ತಿರಲಿಲ್ಲ, ಹಾಗಾಗಿ ಅವರಿಗೆ ಇದು ಗೊತ್ತಿರಲಿಲ್ಲ.

ಕ್ರೀಡಾ ದಿನದ ಕೊನೆಯ ಆಟ ಅದು. ಹದಿನೈದು ಜನ, ಹದಿನೈದು ಕುರ್ಚಿ ನಡುವೆ ಇಟ್ಟುಕೊಂಡು ನಗುತ್ತಾ ನಿಂತಿದ್ದೆವು. ಮೊಬೈಲಿನಲ್ಲಿ ನಾದಸ್ವರ ಹಾಕಿದರು. ನಾವು ಸುತ್ತು ಹಾಕುತ್ತಿದ್ದ ಹಾಗೇ ಮೇಷ್ಟ್ರು ನಡುವಿನಿಂದ ಒಂದು ಕುರ್ಚಿ ಎತ್ತಿಕೊಂಡು ಹೋದರು. ಹನಿ ಉದುರುತ್ತಿತ್ತು. ನೆನೆಯಬಾರದೆಂದು ಅದನ್ನು ಟ್ಯಾಂಕಿನ ಕೆಳಗಿಟ್ಟರು. ಕೂರುವ ಜಾಗದಲ್ಲಿ ನೀರು ನಿಲ್ಲಬಾರದೆಂದು ಬೋರಲು ಹಾಕಿದರು.

ಸೀಟಿ ಸುಯ್ ಎಂದಿತು. ಒಬ್ಬರೂ ಕೂರಲಿಲ್ಲ. ಹದಿನಾಲ್ಕು ಖಾಲಿ ಕುರ್ಚಿಗಳ ಸುತ್ತ ನಿಂತು ಎಲ್ಲರೂ ಟ್ಯಾಂಕಿನ ಕಡೆಗೇ ನೋಡುತ್ತಿದ್ದರು. ನಾಲ್ಕು ಕಾಲು ಮೇಲೆ ಮಾಡಿ ಬಿದ್ದಿದ್ದ ಕುರ್ಚಿಯ ಬೆನ್ನಿನ ಮೇಲೆ ತಲೆಕೆಳಗಾಗಿ ನನ್ನ ಹೆಸರಿತ್ತು.

"ಕೂತ್ಕೊಳ್ಳಿ, ಕೂತ್ಕೊಳ್ಳಿ! ಯಾರಮ್ಮ ಔಟು?" ಎಂದರು ಮೇಷ್ಟ್ರು. ಒಬ್ಬೊಬ್ಬರೇ ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು, ನನ್ನ ಹತ್ತಿರ ಸುಳಿಯದೆ ಸುತ್ತು ಹಾಕಿ ಒಳಗೆ ಹೋದರು.

ನಾನು ನಕ್ಕುಬಿಟ್ಟೆ. ಮೊದಲ ದಿನ ನಗುವುದು ಸುಲಭ. ಸಂಜೆಗೆ ಒಬ್ಬಾಕೆ ಬಂದು, ಹಿಂದೆಂದೋ ಕದ್ದಿದ್ದ ನನ್ನ ಬಾಚಣಿಗೆ ವಾಪಸು ಕೊಟ್ಟಳು. ಊಟಕ್ಕೆ ಕೂತರೆ ಎಲೆಗೆ ಕೇಳದೇ ಎರಡು ಹೋಳಿಗೆ ಬಿದ್ದವು. ಪಕ್ಕದ ಮಂಚದ ಶಿಡ್ಲಘಟ್ಟದ ಅಕ್ಕನಿಗೆ, ಮೂವತ್ತು ವರ್ಷ ರೇಷ್ಮೆ ನೂಲು ತೆಗೆಯುವ ಮಿಷಿನ್ನಿನ ಮುಂದೆ ಕೂತು, ಎರಡು ಕಿವಿಯೂ ಹೋಗಿದೆ. ಅವಳು ನನ್ನ ಕೈ ಹಿಡಿದುಕೊಂಡು, ಕಿವುಡರ ಗಟ್ಟಿ ದನಿಯಲ್ಲಿ, "ಏಮೇ, ಅಲ್ಲಿ ನಮ್ಮನೆಯವರು ಸಿಕ್ಕಿದ್ರೆ ಮೊಮ್ಮಗಳ ಮದುವೆ ಆಯ್ತು ಅಂತ ಹೇಳು. ಹುಡುಗ ಕುಡಿಯಲ್ಲ ಅಂತಾನೂ ಹೇಳು," ಎಂದಳು.

ಮೂರನೆಯ ದಿನದ ಹೊತ್ತಿಗೆ ನನಗೆ ನಗು ಬರುತ್ತಿರಲಿಲ್ಲ. ಕೂರಲು ಕುರ್ಚಿಯಿಲ್ಲದೆ ಮಂಚದಲ್ಲೇ ಇರುತ್ತಿದ್ದೆ. ಸಂಜೆಯ ಬಿಸಿಲಿಗೆ ಆ ನಾಲ್ಕು ಕಾಲುಗಳ ನೆರಳು ಅಂಗಳ ದಾಟಿ ಉದ್ದವಾಗುತ್ತಾ ನನ್ನ ಕೋಣೆಯ ಹೊಸ್ತಿಲಿಗೆ ಬರುತ್ತಿತ್ತು. ನಿನ್ನೆ ಹೊಸ್ತಿಲ ಆಚೆ ಇದ್ದದ್ದು ಇವತ್ತು ಈಚೆ ಇದೆಯಲ್ಲ ಅನ್ನಿಸುತ್ತಿತ್ತು. ಕಾಲು ಬೆರಳುಗಳು ತಣ್ಣಗಾಗತೊಡಗಿದವು. ಮುದ್ದೆ ಗಂಟಲಲ್ಲಿ ಇಳಿಯದಾಯಿತು. ಆಯಾಳನ್ನು ಕರೆದು, "ಆ ಕುರ್ಚೀನ ಎತ್ತಿಡೇ," ಎಂದರೆ ಅವಳು ಕಿವಿಯ ಮೇಲೆ ಕೈಯಿಟ್ಟುಕೊಂಡು, "ಹನ್ನೊಂದು ದಿನ ಆಗ್ದೆ ಮುಟ್ಟಾಂಗಿಲ್ಲಜ್ಜಿ," ಎಂದು ಓಡಿದಳು. ನಾನು ಬದುಕಿದ್ದೇನೆ ಎನ್ನುವುದು ಅವಳ ತಲೆಗೂ ಹೊಳೆಯಲಿಲ್ಲ, ನಿಜ ಹೇಳಬೇಕೆಂದರೆ ನನ್ನ ತಲೆಗೂ ಹೊಳೆಯಲಿಲ್ಲ.

ಆರನೆಯ ದಿನ ಮೇಷ್ಟ್ರು ಆಯಾಳಿಂದ ವಿಷಯ ತಿಳಿದುಕೊಂಡು ಬಾಗಿಲ ಹೊರಗೆ ಬಂದು ನಿಂತರು. ಹೆಂಗಸರ ಕೋಣೆಯೊಳಕ್ಕೆ ಅವರು ಎಂದೂ ಕಾಲಿಡುತ್ತಿರಲಿಲ್ಲ.

"ತಪ್ಪಾಯ್ತು ಕಣಮ್ಮ."

"ತಪ್ಪಾಯ್ತು ಅಂದ್ಬಿಟ್ರೆ ಕುರ್ಚಿ ಎದ್ದು ನಿಂತ್ಕೊಂತದಾ ಮೇಷ್ಟ್ರೇ?"

ಅವರು ಸೀಟಿಯ ಮೇಲಿನ ಹಲ್ಲಿನ ಗುರುತನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. "ಆಟ ಇನ್ನೂ ಮುಗ್ದಿಲ್ಲ. ಕೊನೇ ಸೀಟಿ ಊದಿಲ್ಲ ನಾನು," ಎಂದರು. "ಏಳಮ್ಮ. ಗೆರೆ ಹಿಡ್ಕೊಂಡು ಬಾ."

ಗೋಡೆ ಹಿಡಿದು, ಆ ಬಿಳಿ ಗೆರೆಯ ಮೇಲೇ ಹೆಜ್ಜೆಯಿಡುತ್ತಾ ಹೋದೆ. ಎಲ್ಲರನ್ನೂ ಅಂಗಳಕ್ಕೆ ಕರೆಸಿದ್ದರು. "ಇವತ್ತಿಂದ ಈ ಆಟದಲ್ಲಿ ಕುರ್ಚಿ ತೆಗೆಯೋ ಹಾಗಿಲ್ಲ, ಸೇರಿಸ್ಬೇಕು," ಎಂದು ಟ್ಯಾಂಕಿನ ಹತ್ತಿರ ನಡೆದರು. ಆಯಾ ಕಿರುಚಿದಳು. ಅವರು ನನ್ನ ಕುರ್ಚಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ ನನ್ನ ಮುಂದೆ ತಂದಿಟ್ಟರು. ನಾನು ಕೂತೆ. ಆಮೇಲೆ ಅವರು ಮಾಡಿದ್ದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಅದೇ ಜಾಗದಲ್ಲಿ ಬೋರಲು ಹಾಕಿದರು.

"ನಾನು ಔಟ್. ಆಟ ಮುಗೀತು," ಎಂದು ಸೀಟಿ ಊದಿದರು.

ಅವತ್ತಿನಿಂದ ನನಗೆ ಹಸಿವಾಗತೊಡಗಿತು. ನಾಚಿಕೆಗೆಟ್ಟ ಹಸಿವು. ಮೇಷ್ಟ್ರು ಕಿಟಕಿಯ ಪಕ್ಕ ನಿಂತೇ ಊಟ ಮಾಡುತ್ತಿದ್ದರು. "ಬೇರೆ ಕುರ್ಚಿ ತರಿಸ್ಕೊಳ್ಳಿ ಮೇಷ್ಟ್ರೇ, ಕಾಲು ನೋಯಲ್ವಾ?" ಎಂದರೆ, "ಆಟ ಆಡ್ಸೋನು ಕೂತ್ಕೋಬಾರ್ದು ಕಣಮ್ಮ," ಎನ್ನುತ್ತಿದ್ದರು. ಹೋಳಿಗೆ ಈಗ ಅವರ ಎಲೆಗೆ ಎರಡು ಬೀಳುತ್ತಿದ್ದವು. ಬೇಡವೆನ್ನದೆ ತಿನ್ನುತ್ತಿದ್ದರು. ಶಿಡ್ಲಘಟ್ಟದ ಅಕ್ಕ ತನ್ನ ಗಂಡನಿಗೆ ಹೇಳಬೇಕಾದ ಸುದ್ದಿಯನ್ನು ಅವರಿಗೂ ಹೇಳಿದಳಂತೆ. ಅವರು ಹುಡುಗನ ಊರು ಯಾವುದು ಎಂದು ಕೇಳಿ ತಿಳಿದುಕೊಂಡರಂತೆ.

ಅವರ ಕುರ್ಚಿ ಬೋರಲಾದ ಹನ್ನೊಂದನೆಯ ದಿನ ಬೆಳಗಿನ ಕಾಫಿಗೆ ಮುಂಚೆ ನಾನು ಅಂಗಳಕ್ಕೆ ಬಂದಾಗ ಎಲ್ಲರೂ ಆಗಲೇ ಸಾಲಾಗಿ ನಿಂತಿದ್ದರು. ವಾಕರ್ ಹಿಡಿದವರು, ಕೋಲು ಹಿಡಿದವರು, ಹದಿನಾಲ್ಕು ಜನ. ನಾನು ಹೋಗಿ ಕೊನೆಯಲ್ಲಿ ನಿಂತೆ. ಯಾಕೆ ಬಂದಿರಿ ಎಂದು ಆಯಾ ಕೇಳಿದರೆ, ಸೀಟಿ ಕೇಳಿಸಿತು ಎಂದರು ಎಲ್ಲರೂ. ನನಗೂ ಕೇಳಿಸಿತ್ತು. ಶಿಡ್ಲಘಟ್ಟದ ಅಕ್ಕನೂ ಸಾಲಿನಲ್ಲಿದ್ದಳು. ಅವಳನ್ನು ಯಾರೂ ತಟ್ಟಿ ಎಬ್ಬಿಸಿರಲಿಲ್ಲ.

ಅವತ್ತು ಹೊಸದಾಗಿ ಎಳೆದಿದ್ದ ಸುಣ್ಣದ ಗೆರೆ ಅಂಗಳದ ಅರ್ಧಕ್ಕೆ ನಿಂತುಹೋಗಿತ್ತು. ಮೇಷ್ಟ್ರು ಟ್ಯಾಂಕಿನ ಕೆಳಗೆ ಆ ಕುರ್ಚಿಯ ಪಕ್ಕ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಸೀಟಿ ಅಂಗಿಯೊಳಗೆ ಎದೆಯ ಮೇಲಿತ್ತು, ಬಾಯಲ್ಲಿರಲಿಲ್ಲ. ನಾವು ನೋಡುವ ಹೊತ್ತಿಗೇ ಪ್ರಾಣ ಹೋಗಿ ಒಂದೆರಡು ಗಂಟೆಯಾದರೂ ಆಗಿತ್ತು ಎಂದರು ಆಮೇಲೆ ಬಂದ ಡಾಕ್ಟರು. ಆಗ ನಮಗೆ ಸೀಟಿ ಕೇಳಿಸಿ ಹತ್ತು ನಿಮಿಷವೂ ಆಗಿರಲಿಲ್ಲ.

ಟ್ರಂಕಿನಲ್ಲಿ ದೊಡ್ಡಾಸ್ಪತ್ರೆಯ ಚೀಟಿಗಳು ಸಿಕ್ಕವು. ಎದೆ ಮೊದಲೇ ಕೆಟ್ಟಿತ್ತಂತೆ, ಅವರಿಗೆ ಗೊತ್ತಿತ್ತಂತೆ. ಹೇಗೂ ಹೊರಡುವವರು ನನಗೊಂದು ಜಾಗ ಬಿಟ್ಟುಕೊಟ್ಟರೋ, ಬಿಟ್ಟುಕೊಟ್ಟದ್ದಕ್ಕೆ ಹೊರಟರೋ? ಯೋಚಿಸಿದಾಗಲೆಲ್ಲ ನನ್ನ ಕಾಲು ಬೆರಳು ಇವತ್ತಿಗೂ ತಣ್ಣಗಾಗುತ್ತದೆ.

ಇದಾಗಿ ಎರಡು ವರ್ಷ. ಸೀಟಿ ಈಗ ನನ್ನ ಕುತ್ತಿಗೆಯಲ್ಲಿದೆ. ಮೇಷ್ಟ್ರ ಕುರ್ಚಿಯ ಹೆಸರನ್ನು ನಾನು ಕೆರೆಯಲು ಬಿಟ್ಟಿಲ್ಲ. ಕುರ್ಚಿ ಆಟದಲ್ಲಿ ಎಲ್ಲರೂ ಕೂತ ಮೇಲೆ ಅದೊಂದನ್ನು ಕೊನೆಗೆ ತಂದು ಸೇರಿಸುತ್ತೇವೆ, ಖಾಲಿಯಾಗಿಯೇ ಬಿಡುತ್ತೇವೆ. ಈ ಸಲ ನಾನು ಸೀಟಿ ಊದಿ ತಿರುಗಿ ನೋಡುತ್ತೇನೆ, ಶಿಡ್ಲಘಟ್ಟದ ಅಕ್ಕ ಅದರಲ್ಲಿ ಕಾಲು ಚಾಚಿಕೊಂಡು ಕೂತಿದ್ದಾಳೆ. ಓಡಿ ಹೋಗಿ ಅವಳ ಮುಖದ ಮುಂದೆ ಕೈಯಾಡಿಸಿ ಕೂಗಿದೆ, "ಏಳೇ, ಏಳು! ಅದು ಮೇಷ್ಟ್ರ ಜಾಗ ಕಣೇ!"

ಅವಳು ಕದಲಲಿಲ್ಲ. ನನ್ನ ತುಟಿಯಾಡಿದ್ದು ನೋಡಿ ಅರ್ಥ ಮಾಡಿಕೊಂಡು, ನನ್ನನ್ನು ಕಾಲಿನಿಂದ ತಲೆಯವರೆಗೆ ಒಂದು ಸಲ ನೋಡಿದಳು.

"ನೀನು ಎರಡು ವರ್ಷದಿಂದ ಅವರ ಜಾಗದಾಗೇ ಕೂತಿದ್ದೀಯಲ್ಲೇ," ಎಂದಳು. "ನಿನ್ನನ್ನ ಯಾರಾನ ಏಳು ಅಂದ್ರಾ?"