ಮೊಳೆಬಾಯಿಯ ಚಿತ್ರ

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಮೊಳೆಬಾಯಿ. ಸೋಫಾ, ಕುರ್ಚಿಗಳಿಗೆ ಕುಶನ್ ಹಾಕುವುದು ಅವನ ಕಸುಬು. ಒಂದು ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಕೊಡಲು ಮೂರನೆಯ ಕೈ ಎಲ್ಲಿಂದ ತರುವುದು? ಅದಕ್ಕೇ ಸಣ್ಣ ಮೊಳೆಗಳನ್ನು ಬಾಯಿಗೆ ಸುರಿದುಕೊಂಡು, ನಾಲಗೆಯಲ್ಲೇ ತಿರುಗಿಸಿ ಒಂದೊಂದಾಗಿ ತುಟಿಗೆ ತರುತ್ತಿದ್ದ. ಸುತ್ತಿಗೆಯ ತುದಿಯ ಅಯಸ್ಕಾಂತ ತುಟಿಯಿಂದಲೇ ಮೊಳೆ ಎತ್ತಿಕೊಂಡು ಹೋಗುತ್ತಿತ್ತು. ಗಿರಾಕಿ ಏನು ಕೇಳಿದರೂ ಉತ್ತರ "ಹೂಂ" ಅಥವಾ "ಊಹೂಂ". ಸುಳ್ಳು ಹೇಳಬೇಕಾದರೂ ಇವನ ಬಾಯಿ ಖಾಲಿ ಇರಬೇಕಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಖಾಲಿ ಬಾಯಲ್ಲಿ ಅವನು ಒಂದು ಸುಳ್ಳು ಹೇಳಿದ. ಅದು ಅವನ ಅರ್ಧ ಆಯುಸ್ಸನ್ನು ತಿಂದುಹಾಕಿತು.

ಅವನ ಅಂಗಡಿ ಕೆಳಗೆ, ನನ್ನ ಮನೆ ಮೇಲೆ. ಎದುರು ಕಟ್ಟಡದಲ್ಲಿ ಒಬ್ಬ ಕಲಾವಿದರಿದ್ದರು. ಆಗ ಅವರನ್ನು ಯಾರೂ ದೊಡ್ಡವರೆಂದು ಎಣಿಸುತ್ತಿರಲಿಲ್ಲ. ಬಣ್ಣ ಮೆತ್ತಿದ ಅಂಗಿಯಲ್ಲೇ ಹಾಲು ಕೊಳ್ಳಲು ಬರುತ್ತಿದ್ದರು, ಚಪ್ಪಲಿಗೆ ಹುರಿ ಕಟ್ಟಿರುತ್ತಿದ್ದರು. ಒಮ್ಮೆ ಅವರ ಮಂಚದಂಥ ಉದ್ದ ಸೋಫಾದ ಸ್ಪ್ರಿಂಗು ಕಿತ್ತು ಮೇಲೆ ಬಂತು. ತಮ್ಮ ರಿಪೇರಿ ಮಾಡುವಾಗ ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಸೋಫಾ ಮನೆ ಸೇರಿದ ಮೇಲೂ ಬರುವುದು ಬಿಡಲಿಲ್ಲ. ಕೈಯಲ್ಲಿ ಇದ್ದಿಲ ಕಡ್ಡಿ, ತೊಡೆಯ ಮೇಲೆ ಕಾಗದ. ಎಷ್ಟೋ ತಿಂಗಳ ಮೇಲೆ, ಚೌಕಟ್ಟು ಕೂಡ ಇಲ್ಲದ ಒಂದು ಕ್ಯಾನ್ವಾಸನ್ನು ಸುರುಳಿ ಸುತ್ತಿ ತಂದು, "ಇದು ನಿಂದು" ಎಂದು ಕೊಟ್ಟರು.

ನನ್ನ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಿದೆವು. ಮುಖಕ್ಕೆ ಹಸಿರು ಬಣ್ಣ. ಒಂದು ಕೆನ್ನೆ ಉಬ್ಬಿ ಕಿವಿಯವರೆಗೂ ಹೋಗಿತ್ತು. ಕೆಳಗೆ ಎರಡು ಕೈಗಳು ಮುಖಕ್ಕಿಂತ ದೊಡ್ಡವು, ಕೆಂಪು ಮಣ್ಣಿನ ಹೆಂಟೆಗಳ ಹಾಗೆ. ನಮ್ಮ ಯಜಮಾನರು ಸುತ್ತಲೂ ಒಂದು ಪ್ರದಕ್ಷಿಣೆ ಬಂದರು.

"ಏನಯ್ಯಾ, ಹಲ್ಲುನೋವಾ? ಮದ್ದು ಒಳಗೆ ಹಾಕೋದು ಬಿಟ್ಟು ಮುಖಕ್ಕೆಲ್ಲ ಬಳಿದಿದಾರಲ್ಲ."

ತಮ್ಮನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ಅತ್ತಿಗೆ, ಇದನ್ನ ಗೋಡೆಗೆ ಹಾಕಿದ್ರೆ ಮಗು ರಾತ್ರಿಯೆಲ್ಲ ಅಳುತ್ತೆ" ಎಂದಳು.

ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಆದರೆ ಅವನ ಕಿವಿ ಕೆಂಪಗಾಗಿದ್ದನ್ನು ನಾನು ಕಂಡೆ. ಚಿತ್ರವನ್ನು ಮತ್ತೆ ಸುತ್ತಿ ಅಂಗಡಿಗೆ ಒಯ್ದ. ಅದು ಅವನ ಮನೆಯ ಗೋಡೆಯನ್ನು ಎಂದೂ ಕಾಣಲಿಲ್ಲ. ಸ್ವಲ್ಪ ದಿನದಲ್ಲಿ ನನ್ನ ಅಡುಗೆಮನೆಯ ಕುರ್ಚಿಯ ಕೂರುವ ಜಾಗ ಕುಸಿಯಿತು. ಅಂದು ಅಂಗಡಿಯಲ್ಲಿ ಗಟ್ಟಿ ಬಟ್ಟೆ ಮುಗಿದಿತ್ತಂತೆ. ಕ್ಯಾನ್ವಾಸಿನಷ್ಟು ತಾಳುವ ಬಟ್ಟೆ ಬೇರೆ ಯಾವುದಿದೆ? ಕುರ್ಚಿಯ ಅಳತೆಗೆ ಕತ್ತರಿಸಿ, ಬಣ್ಣದ ಮುಖ ಒಳಗಾಗುವಂತೆ ಬಡಿದು, ಮೇಲೆ ನಾರು ತುಂಬಿ, ಹತ್ತಿ ಹಾಸಿ, ನೀಲಿ ಬಟ್ಟೆ ಹೊದಿಸಿದ. ಕೆಳಗಿನಿಂದ ಬಗ್ಗಿ ನೋಡಿದರೂ ಬರಿಯ ಬೂದು ಬಟ್ಟೆ. ಇದೆಲ್ಲ ನನಗೆ ತಿಳಿದದ್ದು ತಲೆ ಪೂರ್ತಿ ನರೆತ ಮೇಲೆ. ಅಷ್ಟು ವರ್ಷ ಅದರ ಮೇಲೇ ಕೂತು ತರಕಾರಿ ಹೆಚ್ಚಿದೆ. ತಮ್ಮ ದಿನಾ ಚಹಾಕ್ಕೆ ಮೇಲೆ ಬರುತ್ತಿದ್ದ, ಆ ಕುರ್ಚಿಯಲ್ಲಿ ಮಾತ್ರ ಕೂರುತ್ತಿರಲಿಲ್ಲ. ಕೂರು ಅಂದರೆ, "ಇಡೀ ದಿನ ಕುರ್ಚಿ ಜೊತೆಗೇ ಇರ್ತೀನಲ್ಲಕ್ಕಾ, ಸಾಕು" ಎಂದು ಬಾಗಿಲಿಗೆ ಒರಗಿ ನಿಂತೇ ಕುಡಿಯುತ್ತಿದ್ದ.

ಆ ಸುಳ್ಳು ಹುಟ್ಟಿದ್ದೂ ಅಲ್ಲೇ. ಒಂದು ಸಂಜೆ ಕಲಾವಿದರು ಅವನನ್ನು ಹುಡುಕಿಕೊಂಡು ಮೇಲೆ ಬಂದರು. ನಾನು ಆ ಕುರ್ಚಿಯನ್ನೇ ಎಳೆದುಕೊಟ್ಟೆ.

"ನನ್ನ ಚಿತ್ರ ಎಲ್ಲಿ ಹಾಕಿದೀಯ?" ಎಂದು ಕೂತುಕೊಂಡೇ ಕೇಳಿದರು.

"ಭದ್ರವಾಗಿದೆ ಸಾರ್" ಎಂದ ತಮ್ಮ.

"ಬೆಳಕು ಚೆನ್ನಾಗಿ ಬೀಳೋ ಕಡೆ ಹಾಕು."

"ಆಗಲಿ ಸಾರ್."

ಮುಂದೆ ಅವರು ಊರು ಬಿಟ್ಟರು. ಅವರ ಹೆಸರು ಬೆಳೆಯಿತು, ಅವರಿಗಿಂತ ಮುಂದೆ ಓಡಿತು. ತೀರಿಕೊಂಡಾಗ ಪತ್ರಿಕೆಯ ಮೊದಲ ಪುಟದಲ್ಲಿ ಫೋಟೊ. ಹಾಲಿನವಳಿಗೆ, ದರ್ಜಿಗೆ, ಕ್ಷೌರದಂಗಡಿಯವನಿಗೆ ಅವರು ಸುಮ್ಮನೆ ಕೊಟ್ಟಿದ್ದ ಚಿತ್ರಗಳನ್ನು ಹುಡುಕಿಕೊಂಡು ಕಾರುಗಳು ಬಂದವು. ದರ್ಜಿಯ ಮಕ್ಕಳು ಅಪ್ಪನ ಚಿತ್ರ ಯಾರದೆಂದು ಕಿತ್ತಾಡಿ ಮಾತು ಬಿಟ್ಟರು. ಕ್ಷೌರದಂಗಡಿಯವನು ತನ್ನದನ್ನು ಮಾರಿ ಮಹಡಿ ಎಬ್ಬಿಸಿದ. ತಮ್ಮನ ಗಡ್ಡಕ್ಕೆ ನೊರೆ ಹಚ್ಚುತ್ತಾ ಹಂಗಿಸುತ್ತಿದ್ದ.

"ಏನ್ ಮೊಳೆಬಾಯಿ, ನಿಂದು ಹೊರಗೆ ಬರೋದು ಯಾವಾಗ? ಮರಿ ಮಾಡುತ್ತೆ ಅಂತ ಕಾವಿಗೆ ಕೂರಿಸಿದೀಯ?"

"ಭದ್ರವಾಗಿದೆ" ಎನ್ನುತ್ತಿದ್ದ ತಮ್ಮ. ಆಮೇಲೆ ಗಡ್ಡ ಮನೆಯಲ್ಲೇ ಕೆರೆದುಕೊಳ್ಳಲು ಶುರುಮಾಡಿದ. ಅವನ ಹೆಂಡತಿ ಸಾಯುವವರೆಗೂ ಆ ಚಿತ್ರ ಯಾವುದೋ ಬ್ಯಾಂಕಿನ ಪೆಟ್ಟಿಗೆಯಲ್ಲಿದೆ ಎಂದೇ ನಂಬಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ.

ಕಳೆದ ವರ್ಷ ಕಲಾವಿದರ ಮಗಳು ಬಂದರು. ತಲೆ ಅರ್ಧ ಬೆಳ್ಳಗಾದ ಹೆಂಗಸು, ಹೆಗಲಿಗೊಂದು ದೊಡ್ಡ ಚೀಲ. ಪಕ್ಕದಂಗಡಿಯಲ್ಲಿ ಅವರು ಅಪ್ಪನ ಹೆಸರು ಹೇಳಿ ತಮ್ಮನ ಅಂಗಡಿ ವಿಚಾರಿಸುವುದು ಕೇಳಿಸುತ್ತಿದ್ದ ಹಾಗೇ ತಮ್ಮ ಕೆಲಸ ಬಿಟ್ಟು ಮೆಟ್ಟಿಲು ಹತ್ತಿ ಬಂದು ನನ್ನ ಅಡುಗೆಮನೆ ಸೇರಿದ.

"ಯಾರಾದ್ರೂ ಕೇಳಿದ್ರೆ ನಾನಿಲ್ಲ ಅನ್ನಕ್ಕ."

"ಯಾರು? ಯಾಕೆ?"

ಅವನು ಬಾಯಿ ಬಿಡುವ ಮೊದಲೇ ಅವರು ಬಾಗಿಲಲ್ಲಿದ್ದರು. ಬಾಗಿಲು ತೆರೆದೇ ಇತ್ತು, ತಮ್ಮ ಕಣ್ಣೆದುರಿಗೇ ಇದ್ದ. ಇಲ್ಲ ಅನ್ನುವುದು ಹೇಗೆ?

"ನೀವೇ ಅಲ್ವಾ? ಅಪ್ಪನ ಇದ್ದಿಲ ಗೀಟುಗಳಲ್ಲಿ ಕಂಡಿದ್ದ ಕೆನ್ನೆ, ನೋಡಿದ ಕೂಡ್ಲೇ ಗೊತ್ತಾಯ್ತು" ಎಂದು ನಕ್ಕರು. ಅಪ್ಪನ ಚಿತ್ರಗಳನ್ನೆಲ್ಲ ಒಂದು ಕಡೆ ಸೇರಿಸಿ ತೋರಿಸುತ್ತಿದ್ದಾರಂತೆ. "ಕೊಟ್ಟಿದ್ದು ಕೊಟ್ಟಿದ್ದೇ, ಅದು ನಿಮ್ಮದೇ. ಸ್ವಲ್ಪ ದಿನಕ್ಕೆ ಕಡ ಕೊಟ್ರೆ ಸಾಕು."

ಮನೆಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವುದೇ? ನಾನು ನೀಲಿ ಕುರ್ಚಿಯನ್ನು ಸೆರಗಿನಲ್ಲಿ ಒರೆಸಿ ಮುಂದಿಟ್ಟೆ. ಅವರು ಚೀಲ ಇಳಿಸಿ ಕೂರುವುದರಲ್ಲಿದ್ದರು.

"ಅದರಲ್ಲಿ ಕೂರಬೇಡಿ" ಎಂದ ತಮ್ಮ.

ಅವನು ದನಿ ಎತ್ತಿದ್ದನ್ನು ನಾನು ಕೇಳಿದ್ದೇ ಕಡಿಮೆ. ಆಕೆ ಅರ್ಧ ಬಗ್ಗಿದವರು ಹಾಗೇ ನಿಂತರು. ನನಗೆ ಅವಮಾನವಾಯಿತು.

"ಏನೋ ಇದು? ಮನೆಗೆ ಬಂದವರಿಗೆ ಹೀಗನ್ನೋದಾ?"

"ಅಕ್ಕ, ಅದರೊಳಗಿದೆ."

"ಏನಿದೆ?"

"ಅವರಪ್ಪ ಕೊಟ್ಟಿದ್ದು."

ತಮ್ಮ ನೆಲ ನೋಡುತ್ತಾ ಎಲ್ಲ ಹೇಳಿದ. ಹಸಿರು ಮುಖ, ನಮ್ಮ ನಗು, ಮುಗಿದುಹೋದ ಬಟ್ಟೆ. ಕೊನೆಗೆ, "ನಿಮ್ಮ ತಂದೆಯವರೂ ಒಂದು ಸಲ ಇದರ ಮೇಲೇ ಕೂತಿದ್ರು. ಚಿತ್ರ ಎಲ್ಲಿ ಅಂತ ಕೇಳಿದ್ರು" ಎಂದ.

ಆಕೆ ನಕ್ಕರು. ಮೊದಲು ಮೆಲ್ಲಗೆ, ಆಮೇಲೆ ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. "ಅಪ್ಪನಿಗೆ ಇದು ಗೊತ್ತಾಗಿದ್ರೆ ಕುರ್ಚಿಗೇ ಸಹಿ ಹಾಕ್ತಿದ್ರು." ನಾನೂ ಸ್ವಲ್ಪ ನಕ್ಕೆ. ತಮ್ಮ ನಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಆಮೇಲೆ ನನ್ನೊಡನೆ ಅಂದ.

ಕೆಳಗಿನಿಂದ ಉಳಿ, ಸುತ್ತಿಗೆ ತಂದು ಕುರ್ಚಿಯನ್ನು ಮೇಜಿನ ಮೇಲಿಟ್ಟು ಬಿಚ್ಚತೊಡಗಿದ. ಕಿತ್ತ ಮೊಳೆಗಳನ್ನು ಅಭ್ಯಾಸದಂತೆ ಬಾಯಿಗೇ ಹಾಕಿಕೊಂಡ. ನೀಲಿ ಬಟ್ಟೆ ಬಂತು, ಹಳದಿಯಾದ ಹತ್ತಿ ಬಂತು, ಪುಡಿ ಪುಡಿ ನಾರು ಬಂತು. ಒಳಗಿಂದ ಹಸಿರು ಕಂಡಿತು. ಅಲ್ಲಲ್ಲಿ ಬಣ್ಣ ಉದುರಿತ್ತು, ಆದರೆ ಉಬ್ಬಿದ ಕೆನ್ನೆ ಹಾಗೇ ಇತ್ತು. ಅದರ ಪಕ್ಕದಲ್ಲಿ ತಮ್ಮನ ಮುಖ, ಅದೇ ಕೆನ್ನೆ, ಅದೇ ಕಡೆ ಉಬ್ಬಿತ್ತು. ಅದು ಹಲ್ಲುನೋವಲ್ಲ, ಬಾಯ್ತುಂಬ ಮೊಳೆ ಎಂದು ನನಗೆ ಆಗ ಹೊಳೆಯಿತು. ಅಷ್ಟು ಜನ ನೋಡಿ ನಕ್ಕೆವಲ್ಲ, ಒಬ್ಬರಿಗೂ ಹೊಳೆದಿರಲಿಲ್ಲ.

ಆಕೆ ಅಂಚಿನ ಮೇಲೆ ಬೆರಳಾಡಿಸಿದರು.

"ಕೈಗಳೆಲ್ಲಿ?"

ತಮ್ಮನ ಬಾಯಲ್ಲಿ ಮೊಳೆ.

"ಕೆಳಗೆ ಕೈ ಇರಬೇಕು. ಬೇರೆಲ್ಲೂ ಕೈ ಸರಿ ಬಂದಿಲ್ಲ, ಅದೊಂದರಲ್ಲಿ ಬಂದಿದೆ ಅಂತ ಅಪ್ಪ ಕೊನೇತನಕ ಹೇಳ್ತಿದ್ರು. ನಾನು ನೋಡಿರಲಿಲ್ಲ. ಅದಕ್ಕೇ ಬಂದೆ."

ತಮ್ಮ ಮೊಳೆಗಳನ್ನು ಅಂಗೈಗೆ ಉಗುಳಿಕೊಂಡ. "ಕುರ್ಚಿಗೆ ಅಷ್ಟು ಬೇಕಿರಲಿಲ್ಲ. ಮಿಕ್ಕಿದ ಚೂರನ್ನ ಅಂಗಡಿ ಬಾಗಿಲ ಸಂದಿಗೆ ತುರುಕಿದ್ದೆ, ಗಾಳಿ ಬರದ ಹಾಗೆ. ಆಮೇಲೆ ಆ ಬಾಗಿಲೂ ಹೋಯ್ತು."

ಆಕೆಯ ನಗು ಎತ್ತಲೋ ಹೋಗಿತ್ತು. ಕಣ್ಣು ಮೆಲ್ಲಗೆ ಅವನ ಕೈಗಳ ಕಡೆ ತಿರುಗಿತು. ಅವನು ಎರಡು ಕೈಗಳನ್ನೂ ಬೆನ್ನ ಹಿಂದೆ ಒಯ್ದ, ಮೇಷ್ಟ್ರ ಮುಂದೆ ನಿಂತ ಮಗುವಿನ ಹಾಗೆ. ಆ ಕ್ಷಣ ನನಗೆ ಅಲ್ಲಿಂದ ಹೊರಗೆ ಹೋಗಬೇಕೆನಿಸಿತು.

ಹೋಗುವಾಗ ಚಿತ್ರವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಕೊಂಡು ಆಕೆ ಕೇಳಿದರು, "ಪಕ್ಕದಲ್ಲಿ ಏನಂತ ಬರೀಲಿ? ಹಾಳಾಗಿದೆ ಅಂತಷ್ಟೇ ಹಾಕಬಹುದು. ಯಾರಿಂದ ಅಂತ ಬೇಕಾಗಿಲ್ಲ."

ತಮ್ಮ ಅಂಗೈಯ ಮೊಳೆಗಳನ್ನು ಮೇಜಿನ ಮೇಲೆ ಸುರಿದ. "ಆಗಿದ್ದನ್ನೇ ಬರೀರಿ" ಎಂದ.

ಪ್ರದರ್ಶನ ನೋಡಲು ನಾನೇ ಬಲವಂತ ಮಾಡಿ ಕರೆದುಕೊಂಡು ಹೋದೆ. ದೊಡ್ಡ ಬಿಳಿ ಕೋಣೆ. ಚಿತ್ರದ ಕೆಳಗೆ ಕೈಗಳಿದ್ದ ಜಾಗವನ್ನು ಬರಿಯ ಬಟ್ಟೆಯಾಗಿಯೇ ಬಿಟ್ಟು ಚೌಕಟ್ಟು ಹಾಕಿದ್ದರು. ಪಕ್ಕದ ಬರಹವನ್ನು ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ, ಟೋಪಿ ಹಾಕಿದ ಒಬ್ಬರು ಬಂದು ತಮ್ಮನ ಪಕ್ಕ ನಿಂತರು. ಕನ್ನಡಕ ಮರೆತು ಬಂದಿದ್ದರೋ ಏನೋ, ಬರಹದ ಕಡೆ ನೋಡಲಿಲ್ಲ.

"ಚೆನ್ನಾಗಿದೆ, ಅಲ್ವಾ? ಆದ್ರೆ ಕೆಳಗೆ ಯಾಕೆ ಖಾಲಿ ಬಿಟ್ಟಿದಾರೋ."

ಗೊತ್ತಿಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ತಮ್ಮನ ಕೈಗಳು ಜೇಬಿನಲ್ಲಿದ್ದವು.

"ಅಲ್ಲಿ ಕೈ ಇತ್ತು. ನಾನು ಕತ್ತರಿಸಿಬಿಟ್ಟೆ" ಎಂದ.

ಆತ ಅವನನ್ನು ನೋಡಿದರು, ಚಿತ್ರವನ್ನು ನೋಡಿದರು, ಮತ್ತೆ ಅವನ ಕೆನ್ನೆಯನ್ನು ನೋಡಿದರು. ಒಂದು ಹೆಜ್ಜೆ ಸರಿದು ಮುಂದಿನ ಚಿತ್ರದ ಕಡೆ ನಡೆದರು. ತಮ್ಮನ ಕಿವಿ ಅಂದಿನ ಹಾಗೆಯೇ ಕೆಂಪಗಾಗಿತ್ತು.

"ನಡಿಯಕ್ಕ" ಎಂದ.